ಕಾಣದ ಬೆವರಿನ ಲೆಕ್ಕ

ಮಲೆನಾಡಿನ ಕಾಡುದಾರಿಗಳಲ್ಲಿ ನಡೆದು ಪಳಗಿದವರು ಮರುಭೂಮಿಯ ದೂರನಡಿಗೆಗೆ ಹೊರಡುವಾಗ ಚೀಲದಿಂದ ಮಳೆಯಂಗಿ ತೆಗೆದಿಟ್ಟು, ಎರಡು ಬಾಟಲಿ ನೀರು ಹೆಚ್ಚಿಗೆ ತುಂಬಿಕೊಂಡರೆ ಸಿದ್ಧತೆ ಮುಗಿಯಿತು ಎಂದುಕೊಳ್ಳುವುದು ಸಹಜ. ಆದರೆ ಚೀಲಕ್ಕಿಂತ ಮೊದಲು ಬದಲಾಗಬೇಕಾದದ್ದು ಬೇರೆ ಇದೆ: ಮೈ ಕೊಡುವ ಸೂಚನೆಗಳನ್ನು ನಾವು ನಂಬುವ ರೀತಿ. ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಹಾದಿಯನ್ನೇ ನೋಡಿ. ಸುಮಾರು 4,265 ಕಿ.ಮೀ. ಉದ್ದದ ಈ ಕಾಲುದಾರಿ ಮೆಕ್ಸಿಕೊ ಗಡಿಯ ಕ್ಯಾಂಪೊದಲ್ಲಿ ಶುರುವಾಗುತ್ತದೆ. ಅದರ ಮೊದಲ 1,100 ಕಿ.ಮೀ.ಗೂ ಹೆಚ್ಚಿನ ಭಾಗ ದಕ್ಷಿಣ ಕ್ಯಾಲಿಫೋರ್ನಿಯಾದ ಒಣನಾಡು. ಅಲ್ಲಿನ ಸ್ಯಾನ್ ಫೆಲಿಪೆ ಗುಡ್ಡಗಳಲ್ಲಿ ಸಿಸರ್ಸ್ ಕ್ರಾಸಿಂಗ್‌ನಿಂದ ಬ್ಯಾರೆಲ್ ಸ್ಪ್ರಿಂಗ್‌ವರೆಗೆ, ಸುಮಾರು 38 ಕಿ.ಮೀ. ಉದ್ದಕ್ಕೂ, ನೆಚ್ಚಬಹುದಾದ ಒಂದು ಒರತೆಯೂ ಇಲ್ಲ. ಹೆಜ್ಜೆಹೆಜ್ಜೆಗೂ ಹಳ್ಳ ದಾಟಿ ಅಭ್ಯಾಸವಾದ ಕಾಲಿಗೆ ಇದು ಹೊಸ ಪಾಠ.

ತಪ್ಪುವುದು ಬೆವರಿನ ಲೆಕ್ಕ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ತೇವದ ಗಾಳಿಯಲ್ಲಿ ಅದು ಆವಿಯಾಗಲಾರದೆ ತೊಟ್ಟಿಕ್ಕುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ, ನಡೆಯುವವರು ನೀರು ಕುಡಿಯುತ್ತಾರೆ. ಒಣಗಾಳಿಯಲ್ಲಿ ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಮೈ ಹಿತವಾಗಿಯೇ ಇರುತ್ತದೆ, ಆದರೆ ಗಂಟೆಗೆ ಒಂದು ಲೀಟರ್ ನೀರು ಹೋಗಿರಬಹುದು. ಬಾಯಾರಿಕೆಯನ್ನಾದರೂ ನಂಬಬಹುದಲ್ಲ ಎಂದರೆ, ಅದೂ ತಡವಾಗಿ ಬರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಶರೀರವಿಜ್ಞಾನಿ ಎಡ್ವರ್ಡ್ ಅಡಾಲ್ಫ್ ಮತ್ತು ಸಂಗಡಿಗರು ಮರುಭೂಮಿಯಲ್ಲಿ ಸೈನಿಕರನ್ನು ಪರೀಕ್ಷಿಸಿ, ಫಲಿತಾಂಶಗಳನ್ನು 1947ರಲ್ಲಿ ಪುಸ್ತಕವಾಗಿ ತಂದರು. ನೀರು ಕೈಗೆಟುಕುವಂತಿದ್ದರೂ ಸೈನಿಕರು ಕಳೆದುಕೊಂಡಷ್ಟನ್ನು ಕುಡಿಯುತ್ತಿರಲಿಲ್ಲ; ಕೊರತೆ ತುಂಬುತ್ತಿದ್ದುದು ಬಹುಮಟ್ಟಿಗೆ ಊಟದ ಹೊತ್ತಿಗೆ.

ಇದ್ದ ನೀರನ್ನು ಗುಟುಕುಗುಟುಕಾಗಿ ಉಳಿಸಿಕೊಂಡರೆ ದೂರ ಸಾಗಬಹುದು ಎಂಬ ವಾದವುಂಟು. ಅದೇ ಅಧ್ಯಯನ ಇದನ್ನು ಒಪ್ಪುವುದಿಲ್ಲ. ಕುಡಿಯುವುದನ್ನು ತಡೆದ ಮಾತ್ರಕ್ಕೆ ಬೆವರು ನಿಲ್ಲುವುದಿಲ್ಲ. ಉಳಿಸಬೇಕಾದದ್ದು ಬೆವರನ್ನು. ಅಂದರೆ ನಸುಕಿನಲ್ಲಿ ನಡೆದು, ನಡುಹಗಲು ನೆರಳಿನಲ್ಲಿ ಕುಳಿತು, ತೋಳು ಕುತ್ತಿಗೆ ಮುಚ್ಚುವ ಸಡಿಲ ಅಂಗಿ ತೊಡಬೇಕು. ಬಟ್ಟೆ ಕಡಿಮೆಯಾದಷ್ಟೂ ತಂಪು ಎನ್ನುವ ಕರಾವಳಿಯ ಅನುಭವ ಉರಿಬಿಸಿಲಿನಲ್ಲಿ ನಡೆಯದು. ಹಾಗಾದರೆ ನೀರನ್ನೇ ಹೆಚ್ಚು ಹೊರಬಾರದೇ? ಹೊರಲೇಬೇಕು, ಆದರೆ ಲೀಟರಿಗೊಂದು ಕಿಲೊ. ಎಂಟು ಕಿಲೊ ಹೆಚ್ಚುವರಿ ಭಾರ ಮೈಯನ್ನು ಕಾಯಿಸಿ ಮತ್ತಷ್ಟು ನೀರು ಕೇಳುತ್ತದೆ. ಹೀಗಾಗಿ ಮುಂದಿನ ಸೆಲೆ ಎಲ್ಲಿದೆ, ಈ ವಾರ ಅದರಲ್ಲಿ ನೀರಿದೆಯೇ ಎಂಬ ವಿಚಾರಣೆಗೆ ಬಾಟಲಿಗಿಂತ ಹೆಚ್ಚು ಬೆಲೆ.

ಮಂಗಳೂರಿನ ಸೆಕೆಯಲ್ಲೇ ಬೆಳೆದವರಿಗೆ ಬಿಸಿಲೇನು ಹೊಸತೇ ಎಂಬ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಸೆಕೆಯಲ್ಲಿ ದಿನವೂ ದುಡಿದ ಮೈ ಬೇಗ ಬೆವರಲು ಕಲಿತಿರುತ್ತದೆ, ರಕ್ತದ ದ್ರವಾಂಶವೂ ಹೆಚ್ಚಿರುತ್ತದೆ. ಆದರೆ ಈ ಹೊಂದಾಣಿಕೆಗೆ ಒಂದೆರಡು ವಾರದ ಸತತ ಶ್ರಮ ಬೇಕು, ಬಿಟ್ಟರೆ ಕೆಲವೇ ವಾರಗಳಲ್ಲಿ ಕರಗುತ್ತದೆ. ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತವರಿಗೆ ಹುಟ್ಟೂರಿನ ಸೆಕೆ ನೆರವಾಗದು. ಆದ್ದರಿಂದ ಮೊದಲ ಹತ್ತು ದಿನ ಕಿರುದೂರ ನಡೆಯುವುದೇ ಲೇಸು. ಇನ್ನು ಉಪ್ಪು. ಮಲೆನಾಡಿನಲ್ಲಿ ಇಂಬಳ ಬಿಡಿಸಲು ಒಯ್ಯುವ ಉಪ್ಪು ಇಲ್ಲಿ ಹೊಟ್ಟೆಗೇ ಬೇಕು. ತಾಸುಗಟ್ಟಲೆ ಬೆವರಿ ಬರಿ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು, ತಲೆನೋವು, ವಾಕರಿಕೆಯಿಂದ ಹಿಡಿದು ಪ್ರಾಣಾಪಾಯದವರೆಗೂ ಹೋಗಬಹುದು.

ಮಳೆಯಂಗಿಯನ್ನು ಮನೆಯಲ್ಲೇ ಬಿಡುವುದೂ ಅಪಾಯ. ಕ್ಯಾಂಪೊ ಬಿಟ್ಟ ಎರಡು ಮೂರು ವಾರಗಳಲ್ಲಿ ದಾರಿ ಸ್ಯಾನ್ ಹಾಸಿಂಟೊ ಬೆಟ್ಟಸಾಲನ್ನು ಏರುತ್ತದೆ. ಅದರ ಶಿಖರ 3,300 ಮೀಟರ್ ಎತ್ತರ. ಏಪ್ರಿಲ್‌ನಲ್ಲಿ ಅಲ್ಲಿ ಹಿಮ ಇನ್ನೂ ಕರಗಿರುವುದಿಲ್ಲ.