ಮೂಗಿನ ಮೊರೆ

"ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ" ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಬುಗುಡಿಯನ್ನು ತೊಡುವವರು ಈಗ ವಿರಳ. ನೆಗಡಿಯಾದರೋ ಮನೆಮನೆಯಲ್ಲಿಯೂ ಉಳಿದುಕೊಂಡಿದೆ. ಮಳೆಯಲ್ಲಿ ನೆನೆದಾಗ ಬಂದು, ವಾರದೊಳಗೆ ತಾನಾಗಿಯೇ ಹೊರಟುಹೋಗುತ್ತಿದ್ದ ಹಳೆಯ ನೆಗಡಿ ಬೇರೆ. ಜ್ವರವಿಲ್ಲದೆ, ಸೋಂಕಿಲ್ಲದೆ, ಬೆಳಗಾಗುತ್ತಲೆ ಹತ್ತು ಹದಿನೈದು ಸೀನುಗಳಿಂದ ಆರಂಭವಾಗಿ, ಮೂಗಿನ ತುರಿಕೆ, ಕಣ್ಣಿನ ಉರಿ, ರಾತ್ರಿಯ ಉಸಿರುಕಟ್ಟು ಇವುಗಳನ್ನು ಪರಿವಾರವಾಗಿ ಇಟ್ಟುಕೊಂಡು ತಿಂಗಳುಗಟ್ಟಲೆ ಬೀಡುಬಿಡುವ ನೆಗಡಿ ಬೇರೆ. ವೈದ್ಯರು ಇದನ್ನು ಮೂಗಿನ ಅಲರ್ಜಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಬಹುಕಾಲದಿಂದ ವಾಸಿಸುತ್ತಿರುವ ನಾನೂ ಇದರ ಪ್ರಜೆಗಳಲ್ಲಿ ಒಬ್ಬನಾದುದರಿಂದ, ಮೂಗಿನ ಪರವಾಗಿ ನಾಲ್ಕು ಮಾತನಾಡುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ರೋಗವೇನೋ ಹೊಸದಲ್ಲ. 1819ರಲ್ಲಿ ಜಾನ್ ಬೋಸ್ಟಾಕ್ ಎಂಬ ಆಂಗ್ಲ ವೈದ್ಯನು ಪ್ರತಿ ಬೇಸಗೆಯಲ್ಲಿಯೂ ತನ್ನನ್ನು ಕಾಡುತ್ತಿದ್ದ ಈ ಬಾಧೆಯನ್ನು ಲಂಡನ್ನಿನ ವೈದ್ಯರ ಮುಂದೆ ಬಣ್ಣಿಸಿದನು. 1873ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿಯು ತನ್ನ ಮೇಲೆಯೇ ನಡೆಸಿಕೊಂಡ ಪ್ರಯೋಗಗಳನ್ನು ಪ್ರಕಟಿಸಿ, ಹುಲ್ಲಿನ ಪರಾಗವೇ ಇದಕ್ಕೆ ಕಾರಣವೆಂದು ತೋರಿಸಿದನು. ಪರಾಗವು ವಿಷವಲ್ಲ. ಆದರೆ ಕೆಲವರ ದೇಹದ ಕಾವಲುಗಾರನು ಈ ನಿರಪರಾಧಿ ಅತಿಥಿಯನ್ನು ಕಳ್ಳನೆಂದು ಭ್ರಮಿಸಿ ಬೊಬ್ಬೆಯಿಡುತ್ತಾನೆ. ಐಜಿಇ ಎಂಬ ಪ್ರತಿಕಾಯವು ಆ ಬೊಬ್ಬೆಗೆ ಪ್ರೇರಣೆ. ಒಡನೆಯೆ ಜೀವಕೋಶಗಳಿಂದ ಹಿಸ್ಟಮಿನ್ ಎಂಬ ದ್ರವ್ಯವು ಹೊರಚೆಲ್ಲಿ ಸೀನು, ಸುರಿತ, ಊತಗಳಾಗುತ್ತವೆ. ನಮ್ಮಲ್ಲಿ ಹಾಗೆ ಭ್ರಮೆ ಹುಟ್ಟಿಸುವವುಗಳಲ್ಲಿ ಹಾಸಿಗೆ ದಿಂಬುಗಳಲ್ಲಿ ನೆಲಸಿರುವ, ಬರಿಗಣ್ಣಿಗೆ ಕಾಣದ ನುಸಿ ಮುಖ್ಯವಾದುದು. ಅಮೆರಿಕ ಖಂಡದಿಂದ ಬಂದು, 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ಈಗ ನಮ್ಮ ಖಾಲಿ ನಿವೇಶನಗಳನ್ನೆಲ್ಲ ಆಳುತ್ತಿರುವ ಪಾರ್ಥೇನಿಯಂ, ಅಂದರೆ ಜನರ ಬಾಯಿನ ಕಾಂಗ್ರೆಸ್ ಗಿಡ, ಇನ್ನೊಂದು.

ಧೂಳೂ ಪರಾಗವೂ ನಮ್ಮ ಅಜ್ಜಂದಿರ ಕಾಲದಲ್ಲಿಯೂ ಇದ್ದುವಷ್ಟೆ. ಹಾಗಾದರೆ ಹೊಗೆಯ ಪಾತ್ರವೇನು? ಜಪಾನಿನಲ್ಲಿ ಸುಗಿ ಎಂಬ ದೇವದಾರುವಿನಂಥ ಮರದ ಪರಾಗವು ಲಕ್ಷಾಂತರ ಜನರನ್ನು ಸೀನಿಸುತ್ತದೆ. ಅಲ್ಲಿಯ ನಿಕ್ಕೋ ಪ್ರಾಂತದಲ್ಲಿ ನಡೆದು, 1987ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿಚಿತ್ರವಾದ ಸಂಗತಿಯನ್ನು ಹೊರಗೆಡಹಿತು. ಸುಗಿ ಮರಗಳ ಕಾಡಿನ ನಡುವೆ ಇರುವವರಿಗಿಂತ, ಅದೇ ಮರಗಳ ಸಾಲಿರುವ, ವಾಹನಗಳಿಂದ ತುಂಬಿದ ಹೆದ್ದಾರಿಯ ಬದಿಯಲ್ಲಿ ಇರುವವರಿಗೇ ಬಾಧೆ ಹೆಚ್ಚು! 1990ರ ದಶಕದಲ್ಲಿ ಲಾಸ್ ಏಂಜಲೀಸಿನ ಸಂಶೋಧಕರು ಸ್ವಯಂಸೇವಕರ ಮೂಗಿಗೆ ಪರಾಗದ ಸಾರವನ್ನು ಬರಿದೆ ಒಮ್ಮೆ, ಡೀಸೆಲ್ ಹೊಗೆಯ ಕಣಗಳೊಡನೆ ಇನ್ನೊಮ್ಮೆ ಹಾಕಿ ನೋಡಿದರು. ಎರಡೂ ಕೂಡಿದಾಗ ಆ ಪರಾಗದ ವಿರುದ್ಧ ಏಳುವ ಪ್ರತಿಕಾಯವು ಅನೇಕ ಪಟ್ಟು ಹೆಚ್ಚಿತು. ಹೊಗೆಯೊಂದೇ ಅಲರ್ಜಿಯನ್ನು ಹುಟ್ಟಿಸುವುದೆಂದು ಇದರಿಂದ ತಿಳಿಯಬಾರದು. ಜರ್ಮನಿ ಒಂದಾದ ಮೇಲೆ ಪರೀಕ್ಷಿಸಿದಾಗ, ಕಲ್ಲಿದ್ದಲ ಹೊಗೆಯಲ್ಲಿ ಬೆಳೆದ ಲೀಪ್‌ಜಿಗ್ಗಿನ ಮಕ್ಕಳಿಗಿಂತ ಮ್ಯೂನಿಕ್ಕಿನ ಮಕ್ಕಳಲ್ಲಿಯೇ ಈ ಬಾಧೆ ಹೆಚ್ಚಾಗಿತ್ತು. ಎಲ್ಲ ಹೊಗೆಯೂ ಒಂದೇ ಅಲ್ಲ. ವಾಹನದ ಹೊಗೆಯಾದರೋ ಮೂಗಿನ ಒಳಪೊರೆಯನ್ನು ಕೆರಳಿಸಿ, ಪರಾಗದ ಜಗಳಕ್ಕೆ ಇಂಬುಕೊಡುತ್ತದೆ. ಚಾಡಿಕೋರನು ಸೇರಿದಾಗ ನೆರೆಹೊರೆಯವರ ಸಣ್ಣ ಮನಸ್ತಾಪವೂ ವ್ಯಾಜ್ಯವಾಗುವುದಿಲ್ಲವೆ?

ಇನ್ನು ಪರಿಹಾರದ ಮಾತು. ನೀರು ಚಿಮುಕಿಸಿ ಗುಡಿಸುವ, ಒದ್ದೆಯ ಬಟ್ಟೆಯಿಂದ ನೆಲ ಒರೆಸುವ ಹಳೆಯ ವಾಡಿಕೆಯನ್ನು ಬಿಡಬಾರದು. ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ಹೊರಗಿನಿಂದ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸುವುದೂ ಹಿತ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ 5 ಗ್ರಾಂ ಮೀರದಂತೆ ಉಪ್ಪು ಬೆರೆಸಿ ಮೂಗನ್ನು ತೊಳೆದರೆ ಧೂಳೂ ಪರಾಗವೂ ಹೋಗುತ್ತವೆ. ನಮ್ಮ ಯೋಗಿಗಳ ಜಲನೇತಿ ಇದೇ. ನಲ್ಲಿಯ ಹಸಿನೀರು ಮಾತ್ರ ಕೂಡದು. ಅಪರೂಪಕ್ಕೆ ಅದರಲ್ಲಿರುವ ಅಮೀಬ ಪ್ರಾಣಕ್ಕೇ ಎರವಾಗಬಹುದು. ರಾತ್ರಿಯ ಸೊಳ್ಳೆಬತ್ತಿಗಿಂತ ಸೊಳ್ಳೆಪರದೆ ಮೇಲು. ಒಂದು ಸುರುಳಿಯು ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಬಿಡುವುದೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿದೆ.

ಔಷಧಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಕಟ್ಟಿದ ಮೂಗನ್ನು ಕ್ಷಣದಲ್ಲಿ ತೆರೆಯುವ ಹನಿಗಳನ್ನು ಕೆಲವು ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ವೈದ್ಯರು ಕೊಡುವ ಸ್ಟೆರಾಯ್ಡ್ ಸಿಂಪಡಿಕೆಯಾದರೋ ನಿಧಾನಿ. ಅದು ದಿನವೂ ನಿಯಮದಿಂದ ಬಳಸಿದವರಿಗೆ ಒಲಿಯುತ್ತದೆ. ಅದರ ತುದಿಯನ್ನು ಮೂಗಿನ ನಡುಗೋಡೆಯ ಕಡೆಗಲ್ಲದೆ ಹೊರಬದಿಗೆ ತಿರುಗಿಸಬೇಕು. ಮೂಗಿನ ಬಾಧೆಯನ್ನು ಅಲಕ್ಷಿಸಿದವರಲ್ಲಿ ಉಬ್ಬಸವೂ ಜೊತೆಗೂಡುವುದುಂಟು. ನಿದ್ದೆಗೆಟ್ಟ ಮಕ್ಕಳ ಓದೂ ಕೆಡುತ್ತದೆ. ಆದುದರಿಂದ ಎದೆಯಲ್ಲಿ ಸಿಳ್ಳಿನ ಶಬ್ದ ಕೇಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಇವೆಲ್ಲ ಕಿಟಕಿ ಮುಚ್ಚಿಕೊಳ್ಳಬಲ್ಲವರ ಉಪಾಯಗಳು. ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕ ಮಹಿಳೆಗೆ, ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ನಿಂತ ಪೊಲೀಸ್ ಪೇದೆಗೆ, ಆಟೋ ಚಾಲಕನಿಗೆ ಮುಚ್ಚಲು ಕಿಟಕಿ ಎಲ್ಲಿದೆ? ಅವರ ಮೂಗಿನ ರಕ್ಷಣೆ ಅವರೊಬ್ಬರ ಕೈಯಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಕ್ಷ್ಮ ಕಣಗಳಿಗೆ ವಿಧಿಸಿದ ವಾರ್ಷಿಕ ಮಿತಿ ಘನಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶವು 2009ರಲ್ಲಿ ಗೊತ್ತುಪಡಿಸಿದ ಮಿತಿ 40. ಕಾನೂನಿನಿಂದ ಏನೂ ಆಗದೆಂಬುದು ಸರಿಯಲ್ಲ. 2020ರ ಏಪ್ರಿಲಿನಲ್ಲಿ ಡೀಸೆಲಿನ ಗಂಧಕದ ಮಿತಿ ದೇಶದಾದ್ಯಂತ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಬಯಲಿನಲ್ಲಿ ಕಸ ಸುಡುವವರಿಗೆ ದಂಡ ವಿಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಆದೇಶವಿತ್ತಿತು. ಆದರೂ ನನ್ನ ನಿತ್ಯದ ಸಂಚಾರದಲ್ಲಿ ತರಗೆಲೆಯ ಗುಡ್ಡೆ ಹೊಗೆಯಾಡದ ಬೀದಿಯನ್ನು ಹುಡುಕಬೇಕಾಗಿದೆ. ಗುಂಡಿಯಲ್ಲಿ ಕೊಳೆತರೆ ಗೊಬ್ಬರವಾಗುವ ಎಲೆಯನ್ನು ಸುಟ್ಟು ನೆರೆಯವರ ಮೂಗಿಗೆ ಉಣಬಡಿಸುತ್ತಿದ್ದೇವೆ.

ಸೀನಿದ ಮಗುವನ್ನು ಚಿರಂಜೀವಿಯಾಗೆಂದು ಹರಸುವ ನಾಡು ನಮ್ಮದು. ಹರಸುವುದಕ್ಕೆ ಮುನ್ನ ಬೀದಿಯ ಕೊನೆಯ ಆ ಬೆಂಕಿಗೆ ಒಂದು ಕೊಡ ನೀರು ಸುರಿದು ಬಂದರೆ ನಮ್ಮ ಹರಕೆಯು ಫಲಿಸೀತು.