ನಿಮಗಿದು ಗೊತ್ತೆ? ಹೇಂಟೆಯ ಗರಿ ತೊಟ್ಟ ಹುಂಜ!
ಎರಡೂ ಕೈಯಲ್ಲಿ ಎತ್ತಿಕೊಂಡರೆ ಹಗುರವಾಗಿ ಕೂರುವ, ಸುಮಾರು 600 ಗ್ರಾಂ ತೂಗುವ ಪುಟ್ಟ ಹುಂಜ. ಮೈಮೇಲಿನ ಪ್ರತಿ ಗರಿಯೂ ಬಂಗಾರ ಇಲ್ಲವೇ ಬೆಳ್ಳಿ ಬಣ್ಣದ್ದು. ಅದರ ಸುತ್ತ, ಸೀರೆಗೆ ಅಂಚು ನೇಯ್ದಂತೆ, ತೆಳುವಾದ ಕಪ್ಪು ಗೆರೆ. ಇದೇ ಸೀಬ್ರೈಟ್ ಬ್ಯಾಂಟಮ್ ಕೋಳಿ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸರ್ ಜಾನ್ ಸೀಬ್ರೈಟ್, ಬಣ್ಣ ಮತ್ತು ಮೈಕಟ್ಟು ನೋಡಿ ಆರಿಸಿದ ಕೋಳಿಗಳನ್ನೇ ವರ್ಷಾನುಗಟ್ಟಲೆ ಕೂಡಿಸಿ ಈ ತಳಿಯನ್ನು ರೂಪಿಸಿದರು. ಎಂಥ ತಾಳ್ಮೆ!

ಇನ್ನೂ ಸೋಜಿಗವೆಂದರೆ, ಈ ಹುಂಜಕ್ಕೆ ಕುಡುಗೋಲಿನಂತೆ ಬಾಗಿದ ಬಾಲವಿಲ್ಲ, ಕತ್ತಿನಲ್ಲಿ ಚೂಪು ಗರಿಗಳೂ ಇಲ್ಲ. ಎಲ್ಲವೂ ಹೇಂಟೆಯಂತೆ ದುಂಡು ದುಂಡು. ಚರ್ಮದಲ್ಲಿರುವ ಕಿಣ್ವವೊಂದು ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುವುದೇ ಇದಕ್ಕೆ ಕಾರಣ. ಡಾರ್ವಿನ್ ಜೀವವಿಕಾಸ ಕುರಿತ ತಮ್ಮ 1859ರ ಮೇರುಕೃತಿಯಲ್ಲಿ ನುರಿತ ತಳಿಗಾರರೆಂದು ಸೀಬ್ರೈಟರನ್ನು ಹೆಸರಿಸಿದ್ದಾರೆ.