ಗರ್ಭಕೋಶದ ಕ್ಯಾನ್ಸರ್: ಕರೆಂಟಿನ ಜೊತೆ ಕೀಮೋ ಏಕೆ?

ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ "ವಯಸ್ಸಾಯ್ತಲ್ಲ" ಅಂತ ಸುಮ್ಮನಿರಬೇಡಿ. ಅದು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಸೂಚನೆ ಇರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಸಹೋದರಿಯರೇ, ಕೂಡಲೇ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ.

ಸಾಮಾನ್ಯವಾಗಿ ಮೊದಲು ಆಪರೇಷನ್ ಮಾಡಿ ಗರ್ಭಕೋಶ ತೆಗೆಯುತ್ತಾರೆ. ರೋಗ ಹೊರಗೆ ಹಬ್ಬಿದ್ದರೆ ಅಥವಾ ಉಗ್ರ ಬಗೆಯದಾಗಿದ್ದರೆ ಕರೆಂಟು, ಕೀಮೋ ಎರಡೂ ಬೇಕಾಗಬಹುದು. ಕರೆಂಟು ಕಿಬ್ಬೊಟ್ಟೆಯಲ್ಲಿ ಉಳಿದ ರೋಗಕಣಗಳನ್ನು ಕೊಲ್ಲುತ್ತದೆ; ಕೀಮೋ ರಕ್ತದಲ್ಲಿ ಸಾಗಿ ದೂರ ಹೋದವನ್ನು ಹಿಡಿಯುತ್ತದೆ. 2019ರಲ್ಲಿ ಪ್ರಕಟವಾದ ಪೋರ್ಟೆಕ್-3 ಅಧ್ಯಯನದಲ್ಲಿ, ಇಂಥ ಹೆಚ್ಚು ಅಪಾಯದ ರೋಗಿಗಳ ಪೈಕಿ ಕರೆಂಟು ಮಾತ್ರ ಪಡೆದ 100ರಲ್ಲಿ 76 ಮಂದಿ, ಎರಡೂ ಪಡೆದ 100ರಲ್ಲಿ 81 ಮಂದಿ 5 ವರ್ಷದ ನಂತರವೂ ಬದುಕಿದ್ದರು.

ವಾಂತಿ, ಭೇದಿ, ಕೈಕಾಲು ಜೋಮು ಬಂದರೆ ವೈದ್ಯರಿಗೆ ಹೇಳಿ. ಅಡಿಕೆ ಕೊಯ್ಲು ಬಂತು ಅಂತ ಚಿಕಿತ್ಸೆ ಮಾತ್ರ ಅರ್ಧಕ್ಕೆ ಬಿಡಬೇಡಿ.